ಬನ್ನಿ ಎಂದವಳು

ಪ್ಲಾಸ್ಟಿಕ್ ಬಾಗಿಲೆತ್ತಿ ಒಳಗೆ ಕಾಲಿಟ್ಟಾಗ ಅವಳಿಗೆ ಯಾವ ವಾಸನೆಯೂ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ದಿನದಂತೆ ಮುಖಕ್ಕೆ ಸುತ್ತಿದ್ದ ಬಟ್ಟೆಯನ್ನು ಗಲ್ಲದ ಕೆಳಕ್ಕೆ ಎಳೆದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರು ತೆಗೆದುಕೊಂಡಳು. ಬೆಳಿಗ್ಗೆಯೇ ಒಳಗೆ ಹಬೆಯಾಡುತ್ತಿತ್ತು. ದಾರಕ್ಕೆ ಹಬ್ಬಿಸಿದ ಟೊಮೆಟೊ ಬಳ್ಳಿಗಳು ತಲೆಗಿಂತ ಎತ್ತರಕ್ಕೆ ಸಾಲುಸಾಲಾಗಿ ಎದ್ದು ನಿಂತಿದ್ದವು. ಮೇಲಿನ ಪ್ಲಾಸ್ಟಿಕ್ಕಿನಿಂದ ಹನಿ ಬಿದ್ದು ಎಲೆಗಳೆಲ್ಲ ಒದ್ದೆಯಾಗಿದ್ದವು. ಆ ಒದ್ದೆ ಹಬೆಯದೋ ಹುಳಕ್ಕೆ ಹೊಡೆಯುವ ಔಷಧಿಯದೋ ಹೇಳುವುದು ಹೇಗೆ? ಎಲೆಯೊಂದನ್ನು ಮಗುಚಿ ನೋಡಿದಳು. ಬಿಳಿ ಕಲೆ ಇತ್ತು. ಆದರೆ ಇಲ್ಲಿಯ ಬೋರ್‌ವೆಲ್ಲಿನ ನೀರು ಉಪ್ಪು, ಬಿದ್ದಲ್ಲೆಲ್ಲ ಬಿಳಿ ಕಲೆಯೇ, ತಮ್ಮ ತಟ್ಟೆ ಲೋಟಗಳ ಮೇಲೂ ಅದೇ ಕಲೆ. ನೆಲದ ಮೇಲೆ ಸತ್ತ ಹುಳವೇನಾದರೂ ಬಿದ್ದಿದೆಯೇ ಎಂದು ಹುಡುಕಿದಳು; ಕಣ್ಣಿಗೆ ಕಾಣಲಿಲ್ಲ. ಹೊರಗೆ ಗುಂಪು ಕಾದು ನಿಂತಿತ್ತು. ಬೇಗ ಹೊರಬಿದ್ದರೆ ಸರಿಯಾಗಿ ಮೂಸಲಿಲ್ಲ ಎಂದಾರು, ತಡವಾದರೆ ಮೇಸ್ತ್ರಿ ಕೂಗಾಡುತ್ತಾನೆ. ಎಷ್ಟು ಹೊತ್ತು ನಿಂತರೆ ಜನ ನಂಬುತ್ತಾರೆ ಎಂಬ ಅಳತೆ ಅವಳ ಮೈಗೆ ಒಗ್ಗಿಹೋಗಿತ್ತು.

"ಏನಕ್ಕಾ, ಒಳಗೇ ಹಾಸಿಗೆ ಹಾಸ್ಕೊಂಡ್ಯಾ?" ಎಂದು ಮೇಸ್ತ್ರಿ ಕೂಗಿದ. ಯಾರೋ ಕಿಸಕ್ಕನೆ ನಕ್ಕರು. "ಲಾರಿ ಬಂದು ನಿಂತಿದೆ. ಇದೆಯೋ ಇಲ್ವೋ, ಅಷ್ಟು ಹೇಳು."

ಅವಳು ಹೊರಗೆ ಬಂದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಎಲ್ಲರಿಗಿಂತ ಹಿಂದೆ, ಖಾಲಿ ಕ್ರೇಟನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡು, ಸೊಸೆ ನಿಂತಿದ್ದಳು.

"ಏನೂ ಇಲ್ಲ, ಬನ್ನಿ" ಎಂದಳು.

ಬನ್ನಿ ಎಂದ ಮೇಲೆ ಅವರು ಬಂದರು. ಒಬ್ಬೊಬ್ಬರಾಗಿ ಬಾಗಿ ಅವಳನ್ನು ದಾಟಿ ಒಳಗೆ ಹೋಗುವಾಗ ಅವಳು ಅವರ ಮುಖಗಳನ್ನು ನೋಡಲು ಹವಣಿಸಿದಳು. ಯಾರ ಮೂಗಾದರೂ ಸೊಟ್ಟಗಾಗುತ್ತದೆಯೇ, ಯಾರಾದರೂ ಬಾಗಿಲಲ್ಲಿ ಒಂದು ಗಳಿಗೆ ತಡೆಯುತ್ತಾರೆಯೇ? ಆದರೆ ಎಲ್ಲರ ಮುಖಕ್ಕೂ ಬಟ್ಟೆ, ಕಣ್ಣಷ್ಟೇ ಹೊರಗೆ, ಕಣ್ಣುಗಳು ನಿದ್ದೆಗಣ್ಣು. ಬಾಗಿಲ ಪಕ್ಕದ ಕಂಬದಲ್ಲಿ ಕೆಂಪು ಬೋರ್ಡು ತೂಗಾಡುತ್ತಿತ್ತು. ಔಷಧಿ ಹೊಡೆದಿದೆ, ಒಳಗೆ ಹೋಗಬೇಡಿ ಎಂದು ಅದರ ಮೇಲೆ ಬರೆದಿದೆಯಂತೆ, ತಲೆಬುರುಡೆಯ ಚಿತ್ರವೂ ಇದೆ. ಔಷಧಿ ಹೊಡೆದಾಗ ತಗುಲಿಸಿ, ಆರಿದ ಮೇಲೆ ತೆಗೆಯಬೇಕಾದ ಬೋರ್ಡು ಅದು. ಯಾರಿಗೆ ಬೇಕು ಆ ಹತ್ತಿಳಿಯುವ ಕೆಲಸ? ತಗುಲಿಸಿದ್ದು ತಗುಲಿಸಿದ ಹಾಗೇ ವರ್ಷಗಟ್ಟಲೆ ನೇತಾಡಿ, ಬಣ್ಣ ಮಾಸಿ, ತಲೆಬುರುಡೆ ಹಲ್ಲುನೋವಿನ ಮುಖದ ಹಾಗೆ ಕಾಣುತ್ತಿತ್ತು. ಎಲ್ಲ ಮನೆಗಳ ಮುಂದೆಯೂ ಎಲ್ಲ ದಿನವೂ ಅದು ಇರುವುದರಿಂದ ಅದು ಇದ್ದೂ ಇಲ್ಲದ ಹಾಗೆ. ಈ ಪ್ಲಾಸ್ಟಿಕ್ ಚಪ್ಪರಗಳನ್ನು ಅವರು ಮನೆ ಎಂದೇ ಕರೆಯುತ್ತಿದ್ದರು: ಇವತ್ತು ಕೆಲಸವಿದ್ದ ಈ ಹಳ್ಳದ ಮನೆ, ಗುಡ್ಡದ ಮನೆ, ಪಂಪಿನ ಮನೆ. ಟೊಮೆಟೊಗೆ ಮನೆ, ನಮಗೆ ಶೆಡ್ಡು ಎಂದು ಗುಂಪಿನಲ್ಲಿ ಒಂದು ತಮಾಷೆಯೂ ಇತ್ತು. ಅವರ ಶೆಡ್ಡು ಹಿಂದೆ ಕೋಳಿ ಸಾಕುತ್ತಿದ್ದ ಜಾಗ. ಕೋಳಿಗಳನ್ನು ತೆಗೆದು, ಉದ್ದಕ್ಕೆ ತಗಡು ನಿಲ್ಲಿಸಿ, ಕೋಣೆ ಕೋಣೆ ಮಾಡಿ, ಇವರನ್ನು ತಂದು ತುಂಬಿದ್ದರು. ತಗಡಿನ ಆಚೆ ಕೆಮ್ಮಿದರೆ ಈಚೆಯವರಿಗೆ ಎಚ್ಚರವಾಗುತ್ತಿತ್ತು. ಪಕ್ಕದ ಕೋಣೆಯ ಹೆಂಗಸಿಗೆ ಇಡೀ ಶೆಡ್ಡು ಗೊರಕೆ ಎಂದೇ ಹೆಸರಿಟ್ಟಿತ್ತು, ಅವಳೂ ಆ ಹೆಸರಿಗೆ ಓಗೊಡುತ್ತಿದ್ದಳು.

ಅವಳಿಗೂ ಒಂದು ಹೆಸರಿತ್ತು: ಮೂಗಿನಕ್ಕ. ಅದು ಬಂದದ್ದು ಹಿಂದಿನ ಬೆಳೆಯ ಕಾಲದಲ್ಲಿ. ಒಂದು ಬೆಳಿಗ್ಗೆ ಪಂಪಿನ ಮನೆಯ ಬಾಗಿಲಲ್ಲಿ ನಿಂತು, ಏನೋ ಘಾಟು ಇದೆ ಕಣ್ರಪ್ಪಾ, ಬೇಡ ಎಂದು ಅವಳು ಅಂದಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳೂ ಸುಮ್ಮನೆ ಒಳಗೆ ಹೋದಳು. ಮಧ್ಯಾಹ್ನದೊಳಗೆ ಒಬ್ಬೊಬ್ಬರೇ ಶೆಡ್ಡಿನ ಹಿಂದೆ ಕೂತು ಕಾರಲು ಶುರುಮಾಡಿದರು. ಪೇಟೆಯ ಡಾಕ್ಟರು ನಿನ್ನೆ ಏನು ತಿಂದಿರಿ ಎಂದು ಕೇಳಿ ಗುಳಿಗೆ ಕೊಟ್ಟು ಕಳಿಸಿದರು. ಒಬ್ಬ ಮುದುಕ ಮಾತ್ರ ಏಳಲೇ ಇಲ್ಲ. ಅವನಿಗೆ ಮೊದಲೇ ಎದೆ ಸರಿಯಿರಲಿಲ್ಲ ಎಂದು ಅವನನ್ನು ಊರಿಗೆ ಸಾಗಿಸಿದರು, ಆಮೇಲೆ ಅವನ ಸುದ್ದಿ ಬರಲಿಲ್ಲ. ಆಗ ಗುಂಪು ಹಟ ಹಿಡಿಯಿತು. ಮೊದಲು ಅಕ್ಕ ಹೋಗಿ ಮೂಸಿ ನೋಡಬೇಕು, ಅಕ್ಕ ಬನ್ನಿ ಅಂದರೆ ಮಾತ್ರ ನಾವು ಒಳಗೆ. ಮೇಸ್ತ್ರಿ ಮೊದಲು ಮೂಗು ಮುರಿದರೂ ಆಮೇಲೆ ಅವನಿಗೂ ಅದು ಹಿಡಿಸಿತು. ಅಂದಿನಿಂದ ಅವಳು ಕ್ರೇಟು ಹೊರಬೇಕಾಗಿರಲಿಲ್ಲ, ಬಳ್ಳಿಗೆ ದಾರ ಕಟ್ಟುತ್ತ ನಿಂತರಾಯಿತು. ನಲ್ಲಿಯ ಮುಂದೆ ಅವಳ ಕೊಡಕ್ಕೆ ಜಾಗ ಬಿಡುತ್ತಿದ್ದರು. ಯಾರ ಒಲೆಯ ಮೇಲೆ ಏನು ಸೀಯುತ್ತಿದೆ, ಯಾವನು ಕದ್ದು ಕುಡಿದು ಬಂದಿದ್ದಾನೆ, ಎಲ್ಲ ಅವಳ ಮೂಗಿಗೆ ಮೊದಲು ತಿಳಿಯುತ್ತಿತ್ತು. ಗೊರಕೆಯಂತೂ ಇವಳ ಮೂಗಿಗೆ ಒಂದು ದಿನ ಸನ್ಮಾನ ಮಾಡಬೇಕು ಎನ್ನುತ್ತಿದ್ದಳು. ಅವಳಿಗೆ ಒಳಗೊಳಗೇ ಹಿಗ್ಗು. ಹುಟ್ಟಿದಾಗಿನಿಂದ ಯಾರೂ ಅವಳ ಮಾತಿಗಾಗಿ ಕಾದು ನಿಂತದ್ದಿರಲಿಲ್ಲ.

ಈಗ ಸಾಲಿನ ನಡುವೆ ನಿಂತು ದಾರ ಕಟ್ಟುತ್ತಿರುವ ಬೆರಳುಗಳು ಗಂಟು ತಪ್ಪುತ್ತಿದ್ದವು. ಪಕ್ಕದ ಸಾಲಿನಲ್ಲಿ ಸೊಸೆ ಹಣ್ಣು ಕೀಳುತ್ತಿದ್ದಳು. ಎಲೆಗಳ ಸಂದಿನಿಂದ ಅವಳ ಒಂದು ಭುಜ, ಒಂದು ಕಿವಿ ಕಾಣುತ್ತಿತ್ತು. ಬಳ್ಳಿ ದಟ್ಟ, ಸಾಲು ಇಕ್ಕಟ್ಟು, ಒಂದು ಹಣ್ಣು ಕೀಳಬೇಕಾದರೆ ಮುಖವನ್ನೇ ಎಲೆಯೊಳಗೆ ತೂರಿಸಬೇಕು. ಒದ್ದೆ ಎಲೆ ಕೆನ್ನೆಗೆ, ಕತ್ತಿಗೆ, ತೋಳಿಗೆ ಉಜ್ಜುತ್ತದೆ. ಸೊಸೆ ಕತ್ತನ್ನು ತೋಳಿಗೆ ಒರೆಸಿಕೊಂಡಳು. ಕೆರೆತವೋ ಬೆವರೋ? ಬೆವರಿರಬೇಕು. ಬಸುರಿಗೆ ಸೆಕೆ ಜಾಸ್ತಿ. ದಿನವೂ ಬೆಳಿಗ್ಗೆ ಅವಳು ಶೆಡ್ಡಿನ ಹಿಂದೆ ಹೋಗಿ, ಯಾರಿಗೂ ಕೇಳದ ಹಾಗೆ ಬಾಯಿಗೆ ಬಟ್ಟೆ ಒತ್ತಿಕೊಂಡು ವಾಂತಿ ಮಾಡಿ ಬರುತ್ತಿದ್ದಳು, ಆ ಸದ್ದು ಕೇಳಿದಾಗೆಲ್ಲ ಅತ್ತೆಗೆ ಸಂತೋಷವಾಗುತ್ತಿತ್ತು. ವಿಷಯ ಮೇಸ್ತ್ರಿಗೆ ತಿಳಿದರೆ ಊರಿಗೆ ಅಟ್ಟಿಬಿಡುತ್ತಾನೆ ಎಂದು ಅತ್ತೆ, ಮಗ, ಸೊಸೆ ಮೂವರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಹೊತ್ತಿಗೆ ಎಲ್ಲೋ ಯಾರೋ ಕೆಮ್ಮಿದರು. ದಾರ ಕಟ್ಟುತ್ತಿದ್ದ ಅವಳ ಕೈ ನಿಂತಿತು. ಇನ್ನೊಬ್ಬರು ಕೆಮ್ಮುತ್ತಾರೆಯೇ ಎಂದು ಕಿವಿಗೊಟ್ಟು ನಿಂತಳು.

ಅವಳಿಗೆ ಜ್ವರ ಬಂದದ್ದು ಅವಳನ್ನು ಔಷಧಿಯ ಡ್ರಮ್ಮುಗಳನ್ನು ತೊಳೆಯಲು ಹಚ್ಚಿದ ವಾರ. ಕೈಗವಸು ಕೊಟ್ಟಿದ್ದರು, ಒಂದೇ ಕೈಯದು. ಜ್ವರ ಬಿಟ್ಟಿತು, ಬಾಯಿಯ ಕಹಿಯೂ ಬಿಟ್ಟಿತು, ಆದರೆ ಅನ್ನಕ್ಕೆ ರುಚಿ ಬರಲಿಲ್ಲ. ನಾಲಿಗೆ ಸೋತಿದೆ ಎಂದುಕೊಂಡಳು. ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು ಅದರ ಪಕ್ಕದಲ್ಲೇ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ಆಚೆ ಬಟ್ಟೆ ಒಗೆಯುತ್ತಿದ್ದ ಸೊಸೆ, ಅತ್ತೇ ಹಾಲು ಎಂದು ಕೂಗುತ್ತ ಓಡಿ ಬಂದಾಗ ಪಾತ್ರೆಯ ತಳ ಕರಿ ಹಿಡಿದು ಹೊಗೆ ಏಳುತ್ತಿತ್ತು. ಕಣ್ಣಿಗೆ ಕತ್ತಲೆ ಬಂದ ಹಾಗಿತ್ತು ಕಣೇ, ನಿದ್ದೆ ಹತ್ತಿಬಿಟ್ಟಿತ್ತು ಎಂದಳು. ಸೊಸೆ ಪಾತ್ರೆ ಉಜ್ಜಲು ಕೂತಳು. ಅಂದಿನಿಂದ ಅವಳು ಬೇರೆಯವರ ಮುಖ ನೋಡಿ ಬದುಕಲು ಕಲಿತಳು. ಚರಂಡಿಯ ಬಳಿ ಯಾರಾದರೂ ಮೂಗು ಮುಚ್ಚಿದರೆ ತಾನೂ ಮುಚ್ಚುವುದು, ಯಾರಾದರೂ ಆಹಾ ಎಂದರೆ ತಾನೂ ಆಹಾ ಎನ್ನುವುದು. ಒಮ್ಮೆ ಗೊರಕೆ ಹೊಸ ಸೋಪು ತಂದವಳು ಹಿಂದಿನಿಂದ ಬಂದು ಅದನ್ನು ಅವಳ ಮೂಗಿಗೆ ಹಿಡಿದು, ಹೇಳು ನೋಡೋಣ ಯಾವ ಹೂವು ಎಂದಿದ್ದಳು. ನಲ್ಲಿಯ ಕಟ್ಟೆಯ ಮೇಲೆ ಹರಿದ ಸುತ್ತುಕಾಗದ ಬಿದ್ದಿತ್ತು, ಅದರ ಮೇಲೆ ಗುಲಾಬಿಯ ಚಿತ್ರವಿತ್ತು. ಗುಲಾಬಿ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಮೈಯೆಲ್ಲ ಬೆವರಿ, ಕೊಡ ಅಲ್ಲೇ ಬಿಟ್ಟು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಔಷಧಿ ಹೊಡೆದು ಶೆಡ್ಡಿಗೆ ಬರುವ ಮಗನ ಅಂಗಿಯನ್ನು ಈಗ ಅವಳೇ ಒಗೆಯುತ್ತಿದ್ದಳು, ಸೊಸೆಗೆ ಮುಟ್ಟಲು ಬಿಡುತ್ತಿರಲಿಲ್ಲ. ಒಗೆಯುವ ಮೊದಲು ಯಾರೂ ಇಲ್ಲದಾಗ ಅದನ್ನು ಮುಖಕ್ಕೆ ಒತ್ತಿ ಎಳೆದು ನೋಡುತ್ತಿದ್ದಳು. ಮಗುವಾಗಿದ್ದಾಗ ಅವನ ನೆತ್ತಿಯ ವಾಸನೆ ಹೇಗಿತ್ತೆಂದು ಅವಳಿಗೆ ನೆನಪಿತ್ತು. ಈಗ ಅಂಗಿಯಲ್ಲಿ ಅವನೂ ಇರಲಿಲ್ಲ, ಔಷಧಿಯೂ ಇರಲಿಲ್ಲ.

ಎಲೆಯ ಮೇಲೆ ಒಂದು ಚಿಟ್ಟೆ ಕೂತಿತ್ತು. ಬಿಳಿಯದು, ಸಣ್ಣದು, ರೆಕ್ಕೆ ಬಿಚ್ಚಿಕೊಂಡಿತ್ತು. ದಾರ ಎಳೆದಾಗ ಬಳ್ಳಿ ಅಲುಗಿತು, ಚಿಟ್ಟೆ ಹಾರದೆ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡಳು. ಅಂಗೈಯ ಮೇಲೆ ಅದರ ಕಾಲುಗಳು ಇನ್ನೂ ಮೆಲ್ಲಗೆ ಆಡುತ್ತಿದ್ದವು. ಚಿಟ್ಟೆಗೆ ಸಾಯಲು ನೂರು ಕಾರಣ ಇರುತ್ತವೆ, ಈ ಸೆಕೆಯೇ ಸಾಕು, ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಿರುವಾಗಲೇ ಪಕ್ಕದ ಸಾಲಿನಲ್ಲಿ ಸೊಸೆಯ ಭುಜ ಕಾಣಲಿಲ್ಲ. ಬಾಗಿದ್ದಾಳೆಯೇ? ಕೂತಿದ್ದಾಳೆಯೇ? ಎಲೆ ಸರಿಸಿ ನೋಡಿದಳು. ಸೊಸೆ ಕ್ರೇಟಿನ ಅಂಚು ಹಿಡಿದು ನಿಂತು ಕಣ್ಣು ಒತ್ತಿಕೊಳ್ಳುತ್ತಿದ್ದಳು.

"ಏನಾಯ್ತೇ?"

"ಕಣ್ಣಿಗೆ ಏನೋ ಬಿತ್ತು ಅತ್ತೆ. ಹೋಗುತ್ತೆ ಬಿಡಿ."

"ಉರೀತಿದೆಯಾ?"

ಸೊಸೆ ಒಂದು ಗಳಿಗೆ ಅವಳನ್ನು ನೋಡಿದಳು. ಕೆಂಪಗಿದ್ದ ಕಣ್ಣುಗಳಲ್ಲಿ ನೀರಿತ್ತು. "ಇಲ್ಲ" ಎಂದು ಮತ್ತೆ ಎಲೆಯೊಳಗೆ ಕೈಯಿಟ್ಟಳು.

ಕೇಳಿದರೆ ತಿಳಿಯುತ್ತಿತ್ತು. ನಿನ್ನೆ ಸಂಜೆ ಔಷಧಿ ಹೊಡೆದದ್ದು ಮಗನೇ. ಯಾವ ಮನೆಗೆ ಹೊಡೆದೆಯೋ ಎಂದು ಒಂದು ಮಾತು ಕೇಳಿದ್ದರೆ ಆಗಿತ್ತು. ಅವನು ಬಂದಾಗ ಅವಳು ಎಚ್ಚರವಾಗಿಯೇ ಇದ್ದಳು. ಮೈ ತೊಳೆದುಕೊಂಡು, ಉಣ್ಣದೆ, ಹೆಂಡತಿಗೆ ಬೆನ್ನು ಮಾಡಿ ಬಾಗಿಲ ಬಳಿ ಬೇರೆಯಾಗಿ ಮಲಗಿದ್ದ. ಬಾಯಿತನಕ ಬಂದ ಪ್ರಶ್ನೆಯನ್ನು ಅವಳು ನುಂಗಿದ್ದಳು. ಮೂಗಿನಕ್ಕ ಯಾರನ್ನಾದರೂ ಕೇಳುತ್ತಾಳೆಯೇ? ಕೇಳಿದರೆ ಯಾಕೆ ಎಂದಾನು. ಯಾಕೆ ಎಂದರೆ ಏನು ಹೇಳುವುದು? ಗುಟ್ಟು ಒಮ್ಮೆ ಬಾಯಿಂದ ಹೊರಬಿದ್ದರೆ ತಗಡಿನ ಆಚೆ ಹೋಗುತ್ತದೆ, ಅಲ್ಲಿಂದ ಮೇಸ್ತ್ರಿಯ ಕಿವಿಗೆ. ಮೂಗಿಲ್ಲದ ಮುದುಕಿ, ಕ್ರೇಟು ಹೊರಲಾರದವಳು, ಯಾರಿಗೆ ಬೇಕು? ಅವಳನ್ನು ಊರಿಗೆ ಕಳಿಸಿದರೆ ಸೊಸೆಯ ಬಸಿರನ್ನು ಮುಚ್ಚಿಡುವವರು ಯಾರು, ಹಡೆಯುವಾಗ ಪಕ್ಕದಲ್ಲಿ ಕೂರುವವರು ಯಾರು? ಇದನ್ನೆಲ್ಲ ಸೊಸೆಗಾಗಿಯೇ ಯೋಚಿಸುತ್ತಿದ್ದೇನೆಂದು ಅವಳು ತಿಳಿದಿದ್ದಳು. ಈಗ ಸೊಸೆಯ ಕೆಂಪು ಕಣ್ಣು ನೋಡಿದ ಮೇಲೆ, ನಲ್ಲಿಯ ಮುಂದೆ ತನ್ನ ಕೊಡಕ್ಕೆ ಜಾಗ ಬಿಡುತ್ತಿದ್ದದ್ದು ನೆನಪಾಗಿ ನಾಚಿಕೆಯಾಯಿತು. ಚಿಟ್ಟೆಯನ್ನು ಬಟ್ಟೆಯ ಅಂಚಿಗೆ ಗಂಟು ಹಾಕಿಕೊಂಡಳು.

"ನೀರು ತರ್ತೀನಿ" ಎಂದು ಯಾರನ್ನೂ ನೋಡದೆ ಹೇಳಿ ಹೊರಬಿದ್ದಳು. ಬಾಗಿಲಲ್ಲಿ ಮೇಸ್ತ್ರಿ ಇರಲಿಲ್ಲ, ದೂರದಲ್ಲಿ ಲಾರಿಯ ನೆರಳಿಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಅವನು ಯಾವಾಗಲೂ ಹಾಗೆಯೇ, ಹೊರಗೇ. ಮಗ ಇರುವ ಪಂಪ್‌ಶೆಡ್ಡಿಗೆ ಹೋಗುವ ದಾರಿಯಲ್ಲಿ ಅವಳು ಓಡಲಿಲ್ಲ. ಓಡಿದರೆ ಯಾರಾದರೂ ನೋಡಿಯಾರು. ಬೇಗ ಬೇಗ ನಡೆದಳು, ನಡೆಯುತ್ತ ದೇವರೇ ಬೇರೆ ಮನೆ ಆಗಿರಲಿ, ಬೇರೆ ಮನೆ ಆಗಿರಲಿ ಎಂದುಕೊಂಡಳು. ಗುಡ್ಡದ ಮನೆ ಆಗಿರಲಿ. ಹಾಗಾದರೆ ಇದನ್ನೆಲ್ಲ ಮರೆತು ನಾಳೆಯಿಂದ ಮಗನನ್ನು ದಿನವೂ ಕೇಳುತ್ತೇನೆ, ಏನಾದರೊಂದು ನೆವ ಹೇಳಿ ಕೇಳುತ್ತೇನೆ. ಕಾಲುವೆಯ ಪಕ್ಕ ಶೆಡ್ಡಿನವರ ಬಟ್ಟೆಗಳು ಒಣಗುತ್ತಿದ್ದವು, ಅವುಗಳ ಮೇಲ್ಗಡೆಯೇ ಡ್ರಮ್ಮು ತೊಳೆದ ನೀರು ಬಂದು ಕಾಲುವೆಗೆ ಸೇರುವ ಜಾಗ. ನೀರಿನ ಮೇಲೆ ನೊರೆ ತೇಲುತ್ತಿತ್ತು. ಮಗ ಕುಕ್ಕುರುಗಾಲಿನಲ್ಲಿ ಕೂತು ಪಂಪಿನ ನಳಿಕೆಯನ್ನು ಬಾಯಿಂದ ಊದಿ ಸರಿಮಾಡುತ್ತಿದ್ದ.

"ಬಾಯಿಂದ ಊದಬೇಡ ಅಂತ ಎಷ್ಟು ಸಲ ಹೇಳೋದು" ಎಂದಳು. ಹೇಳಬೇಕಾದದ್ದು ಅದಲ್ಲ.

"ನೀನ್ಯಾಕೆ ಬಂದೆ ಅಮ್ಮ? ಕೆಲಸ ಇಲ್ವಾ?"

"ನಿನ್ನೆ ಎಲ್ಲಿ ಹೊಡೆದೆ?"

ಅವನು ತಲೆಯೆತ್ತಿದ. "ಹಳ್ಳದ ಮನೆಗೆ. ಯಾಕೆ?"

ಹಿಂದಿನ ಕಂಬ ಹಿಡಿದುಕೊಂಡಳು.

"ಹೊಸ ಔಷಧಿ ಅಮ್ಮ, ಬಹಳ ಕೆಟ್ಟದ್ದು. ನನಗೇ ತಲೆ ಸುತ್ತಿ ಊಟ ಸೇರಲಿಲ್ಲ. ನಾಳೆ ಅಲ್ಲಿಗೆ ಜನ ಬಿಡಬೇಡಿ ಅಂತ ಮೇಸ್ತ್ರಿಗೆ ಹೇಳಿದೆ. ನಿಮ್ಮಮ್ಮ ಇದಾಳಲ್ಲೋ, ಅವಳ ಮೂಗಿದೆಯಲ್ಲ, ಇದ್ರೆ ಅವಳೇ ಬೇಡ ಅಂತಾಳೆ ಬಿಡು ಅಂದ್ರು. ನನಗೂ ಹೌದು ಅನ್ನಿಸ್ತು. ನೀನಿದೀಯಲ್ಲ ಅಂತ ಸುಮ್ಮನಾದೆ." ಅವನು ನಳಿಕೆಯನ್ನು ಕೆಳಗಿಟ್ಟ. ತಾಯಿಯ ಮುಖ ನೋಡಿ ಅವನ ಮುಖ ಬದಲಾಯಿತು. "ಅಮ್ಮಾ. ಇವತ್ತು ಯಾವ ಮನೇಲಿ ಕೆಲಸ?"

ಅವಳು ತಿರುಗಿ ಓಡಿದಳು. ಈಗ ನೋಡುವವರು ನೋಡಲಿ. ಓಡುತ್ತ ಬೆಳಗಿನಿಂದ ಆದದ್ದನ್ನೆಲ್ಲ ಹಿಂದಕ್ಕೆ ಎಳೆಯುವ ಹಾಗೆ ಕೈ ಬೀಸುತ್ತಿದ್ದಳು, ಒಂದು ಚಪ್ಪಲಿ ಎಲ್ಲೋ ಕಳಚಿತು. ಬನ್ನಿ ಎಂದಾಗಿನಿಂದ ಸೊಸೆ ಎಷ್ಟು ಉಸಿರು ಎಳೆದಿರಬಹುದು? ಅವಳ ಉಸಿರೇ ಹೊಟ್ಟೆಯೊಳಗಿರುವುದಕ್ಕೂ ಉಸಿರು. ಒಳಗಿರುವುದಕ್ಕೆ ಇನ್ನೂ ಮೂಗು ಮೂಡಿದೆಯೋ ಇಲ್ಲವೋ. ಪ್ಲಾಸ್ಟಿಕ್ ಬಾಗಿಲನ್ನು ಕಿತ್ತುಹಾಕುವಂತೆ ಎತ್ತಿ, "ಹೊರಗೆ ಬನ್ನಿ! ಎಲ್ಲರೂ ಹೊರಗೆ ಬನ್ನಿ!" ಎಂದು ಕೂಗಿದಳು.

ಸಾಲುಗಳಲ್ಲಿ ತಲೆಗಳು ಎದ್ದವು. ಯಾರೂ ಹೊರಡಲಿಲ್ಲ. ಅವಳು ನೇರ ಸೊಸೆಯ ಸಾಲಿಗೆ ನುಗ್ಗಿ ಅವಳ ರಟ್ಟೆ ಹಿಡಿದು ಎಳೆದಳು, ಕ್ರೇಟು ಮಗುಚಿ ಹಣ್ಣುಗಳು ಉರುಳಿದವು. ಅವಳನ್ನು ಎಳೆದುಕೊಂಡು ಹೊರಬಂದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದು ಬಿಸಿಲಿನಲ್ಲಿ ಕಣ್ಣು ಪಿಳುಕಿಸುತ್ತ ನಿಂತರು. ಮೇಸ್ತ್ರಿ ಫೋನು ಕಿವಿಯಿಂದ ತೆಗೆಯದೆ ದಾಪುಗಾಲು ಹಾಕಿಕೊಂಡು ಬಂದ.

"ಏನಕ್ಕಾ ಇದು? ಏನಾಯ್ತು?"

"ನಿನ್ನೆ ಇಲ್ಲಿ ಔಷಧಿ ಹೊಡೆದಿದೆ."

"ಬೆಳಿಗ್ಗೆ ನೀನೇ ತಾನೇ ಏನೂ ಇಲ್ಲ ಅಂದೆ?"

ಎಲ್ಲರೂ ಮತ್ತೆ ಅವಳ ಬಾಯನ್ನೇ ನೋಡುತ್ತಿದ್ದರು. ಗುಲಾಬಿ ಎಂದಾಗ ಚಪ್ಪಾಳೆ ತಟ್ಟಿದ್ದ ಅವೇ ಮುಖಗಳು. ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ನನಗೆ ವಾಸನೆ ಬರಲ್ಲ" ಎಂದಳು. "ಜ್ವರ ಬಂದು ಹೋದಾಗಿನಿಂದ ಬರಲ್ಲ. ಏನೂ ಬರಲ್ಲ. ಸುಳ್ಳು ಹೇಳ್ತಿದ್ದೆ. ನನ್ನನ್ನ ಏನು ಬೇಕಾದ್ರೂ ಅನ್ನಿ."

ಬೈಗುಳಕ್ಕೆ ಅವಳು ತಲೆ ತಗ್ಗಿಸಿ ಕಾದಳು. ಹೊಡೆಯಲಿ ಎಂದೂ ಅನ್ನಿಸಿತು. ಗಾಳಿಗೆ ಪ್ಲಾಸ್ಟಿಕ್ಕು ಪಟಪಟ ಬಡಿದುಕೊಳ್ಳುತ್ತಿತ್ತು. ಕೊನೆಗೆ ಗೊರಕೆ ಮುಖದ ಬಟ್ಟೆ ಬಿಚ್ಚಿ ಕಣ್ಣು ಒರೆಸಿಕೊಂಡು, "ನಮಗೆ ಬರುತ್ತೆ ಅಕ್ಕ" ಎಂದಳು.

"ಏನು?"

"ವಾಸನೆ. ಬಾಗಿಲಲ್ಲೇ ಬಂತು. ಗಂಟಲಿಗೆ ಅಡರ್ಕೊಂಡಿತು."

"ನನಗೂ ಬಂತು" ಎಂದು ಹಿಂದಿನಿಂದ ಒಬ್ಬ ಹೇಳಿದ. ಇನ್ನೊಬ್ಬಳು ತಲೆಯಾಡಿಸಿದಳು.

"ಮತ್ತೆ ಯಾಕೆ ಒಳಗೆ ಬಂದ್ರಿ?" ಎಂದು ಅವಳು ಕಿರುಚಿದಳು. "ಯಾಕೆ ಬಂದ್ರಿ, ಹೇಳಿ?"

"ನೀನು ಬನ್ನಿ ಅಂದ್ಯಲ್ಲ" ಎಂದಳು ಗೊರಕೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದನ್ನೂ ಕೇಳಬೇಕೇ ಎಂಬ ಹಾಗಿತ್ತು. "ಹಳೇ ವಾಸನೆ ಇರಬೇಕು, ಬಟ್ಟೇಲಿ ಕೂತದ್ದಿರಬೇಕು ಅಂದ್ಕೊಂಡೆ. ನೀನೇ ಇಲ್ಲ ಅಂದ ಮೇಲೆ ನಾನು ಇದೆ ಅನ್ನೋದಾ? ಇದೆ ಅಂದು ಎಲ್ಲರನ್ನೂ ಕೂಲಿ ಇಲ್ದೆ ಖಾಲಿ ಕೂರಿಸೋದಾ? ಯಾರಾದ್ರೂ ಒಬ್ರು ಹೇಳಲಿ ಅಂತ ತಾನೇ ನಿನ್ನನ್ನ ಇಟ್ಕೊಂಡಿರೋದು."

ಅವಳು ಸೊಸೆಯ ಕಡೆ ತಿರುಗಿದಳು. ಸೊಸೆ ನೆಲ ನೋಡುತ್ತಿದ್ದಳು. "ನಿನಗೂ ಬಂತಾ?"

"ಹೂಂ."

"ನನಗೆ ಬರಲ್ಲ ಅಂತ ನಿನಗೆ ಗೊತ್ತಿತ್ತಾ?"

"ಹಾಲು ಸೀದ ದಿನವೇ ಗೊತ್ತಾಯ್ತು ಅತ್ತೆ." ಸೊಸೆ ಮೂಗೊರೆಸಿಕೊಂಡಳು. "ಹೇಳಿದ್ರೆ ನಿಮ್ಮನ್ನ ಊರಿಗೆ ಕಳಿಸ್ತಾರೆ ಅಂತ..."

ಮಗ ಏದುಸಿರು ಬಿಡುತ್ತ ಬಂದವನು ಎಲ್ಲರಿಂದ ದೂರವೇ ನಿಂತ. ಔಷಧಿಯ ಅಂಗಿಯಲ್ಲಿ ಹೆಂಡತಿಯ ಹತ್ತಿರ ಬರಬೇಡವೆಂದು ತಾಯಿಯೇ ಅವನಿಗೆ ಕಟ್ಟಪ್ಪಣೆ ಮಾಡಿದ್ದಳು. ಅಲ್ಲಿಂದಲೇ ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಮೇಸ್ತ್ರಿಯನ್ನು ನೋಡಿ ಏನೋ ಹೇಳಲು ಬಾಯಿ ತೆರೆದ, ಮೇಸ್ತ್ರಿ ಕೈಯೆತ್ತಿ ತಡೆದ.

"ಆಯ್ತು ಆಯ್ತು. ಆದದ್ದು ಆಯ್ತು. ಅಳ್ತಾ ನಿಂತ್ರೆ ಲಾರಿ ತುಂಬಲ್ಲ." ಮೇಸ್ತ್ರಿ ಕೆಟ್ಟವನೇನಲ್ಲ, ಯಾರಾದರೂ ಕಾಯಿಲೆ ಬಿದ್ದರೆ ಗುಳಿಗೆ ತಂದುಕೊಡುತ್ತಿದ್ದ, ಅವನಿಗೆ ಯಾವಾಗಲೂ ಲಾರಿಯ ಗಡಿಬಿಡಿ, ಅಷ್ಟೇ. "ಈ ಮನೆ ಬಿಡಿ. ಗುಡ್ಡದ ಮನೆಗೆ ನಡೀರಿ. ಅಕ್ಕನ ಮೂಗು ಹೋದ್ರೆ ಏನಂತೆ, ಮನೇಲೇ ಇನ್ನೊಂದಿದೆಯಲ್ಲ." ಅವನು ಸೊಸೆಯ ಕಡೆ ಗಲ್ಲ ತೋರಿಸಿ ನಕ್ಕ. "ಬಸುರಿ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಆ ತಗಡಿನ ಗೋಡೇಲಿ ಗುಟ್ಟು ಉಳಿಯುತ್ತಾ? ಬಸುರಿ ಮೂಗಿನಷ್ಟು ಚುರುಕು ಮೂಗು ಇನ್ನೊಂದಿಲ್ಲ. ಇನ್ನು ಮೇಲೆ ಇವಳು ಮೊದಲು ಹೋಗಿ ನೋಡಲಿ. ಕ್ರೇಟು ಹೊರೋದು ಬೇಡ. ಊರಿಗೂ ಕಳಿಸಲ್ಲ, ಸರೀನಾ?"

ಗುಂಪಿನಲ್ಲಿ ಸಣ್ಣಗೆ ಹೂಂಗುಟ್ಟುವ ಸದ್ದು ಎದ್ದಿತು. ಒಳ್ಳೆಯದೇ ಆಯ್ತಲ್ಲ ಎಂದು ಯಾರೋ ಅಂದರು. ಹೆದರುತ್ತಿದ್ದದ್ದು ಯಾವುದೂ ನಡೆಯಲಿಲ್ಲ. ಯಾರೂ ಬೈಯಲಿಲ್ಲ, ಯಾರನ್ನೂ ಊರಿಗೆ ಅಟ್ಟಲಿಲ್ಲ, ಸೊಸೆಗೆ ಹಗುರ ಕೆಲಸ ಸಿಕ್ಕಿತು. ಹಾಗಾದರೆ ಇನ್ನು ದಿನವೂ ಮೊದಲ ಉಸಿರು ಎಳೆಯುವವಳು ಬಸುರಿಯೇ ಎಂದು ಅವಳಿಗೆ ಹೊಳೆಯಿತು. ಗುಂಪಿನ ಜೊತೆ ಅವಳ ಕಾಲುಗಳೂ ಗುಡ್ಡದ ಮನೆಯ ಕಡೆ ನಡೆದವು. ಅದರ ಬಾಗಿಲಲ್ಲೂ ಕೆಂಪು ಬೋರ್ಡು, ಅದೇ ಹಲ್ಲುನೋವಿನ ತಲೆಬುರುಡೆ. ಎಲ್ಲರೂ ನಿಂತರು. ಎಲ್ಲರೂ ಈಗ ಸೊಸೆಯ ಬಾಯನ್ನು ನೋಡುತ್ತಿದ್ದರು. ಸೊಸೆ ಮುಖದ ಬಟ್ಟೆಯನ್ನು ಗಲ್ಲದ ಕೆಳಕ್ಕೆ ಎಳೆದುಕೊಂಡಳು. ಅದನ್ನು ಅವಳು ಅತ್ತೆಯನ್ನು ನೋಡಿಯೇ ಕಲಿತಿದ್ದಳು.

"ಹೋಗ್ಲಾ ಅತ್ತೆ?"

ಅವಳು ಸೊಸೆಯನ್ನು ಹಿಂದಕ್ಕೆ ಸರಿಸಿ ತಾನೇ ಬಾಗಿಲೆತ್ತಿದಳು. ಒಳಗೆ ಕಾಲಿಟ್ಟು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದಳು. ಏನೂ ಬರಲಿಲ್ಲ. ಜನ ನಂಬುವಷ್ಟು ಹೊತ್ತು ನಿಂತಳು. ಆಮೇಲೆ ಹೊರಗೆ ಬಂದು, "ಇದೆ" ಎಂದಳು.

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. "ಈಗ ತಾನೇ ಮೂಗಿಲ್ಲ ಅಂದೆಯಲ್ಲಕ್ಕಾ!"

"ಇದೆ. ಯಾರೂ ಹೋಗಬೇಡಿ."

"ಅಲ್ಲಿ ಹೊಡೆದೇ ಇಲ್ಲ. ನಿನ್ನ ಮಗನನ್ನೇ ಕೇಳು."

ಮಗ ತಾಯಿಯನ್ನು ನೋಡಿದ. ನೋಡುತ್ತಲೇ ಇದ್ದ, ಬಾಯಿ ಬಿಡಲಿಲ್ಲ. ಅವಳು ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದಳು. ಗೊರಕೆ ಒಮ್ಮೆ ಮೇಸ್ತ್ರಿಯನ್ನು, ಒಮ್ಮೆ ಅವಳನ್ನು ನೋಡಿ, ಕೈಯಲ್ಲಿದ್ದ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು.

"ಅಕ್ಕ ಇದೆ ಅಂದಳಲ್ಲ" ಎಂದಳು.

ಇನ್ನೊಂದು ಕ್ರೇಟು ಬೋರಲಾಯಿತು, ಮತ್ತೊಂದಾಯಿತು. ಮೇಸ್ತ್ರಿ, ನಿಮಗೆಲ್ಲ ತಲೆ ಕೆಟ್ಟಿದೆಯಾ, ನಾನೇ ಹೋಗಿ ತೋರಿಸ್ತೀನಿ ನೋಡಿ ಎಂದು ಅವಳನ್ನು ಬದಿಗೆ ಸರಿಸಿ ಬಾಗಿಲ ಪ್ಲಾಸ್ಟಿಕ್ಕಿಗೆ ಕೈ ಹಾಕಿದ. ಅರ್ಧ ಎತ್ತಿದ. ಒಳಗಿನ ಹಬೆ ಮುಖಕ್ಕೆ ಬಡಿದಿರಬೇಕು, ಇನ್ನೊಂದು ಕೈ ತಾನಾಗಿಯೇ ಜೇಬಿನ ಕರವಸ್ತ್ರಕ್ಕೆ ಹೋಯಿತು. ಹಾಗೇ ನಿಂತ. ಆ ಜಾಗದಲ್ಲಿ ಅವನು ಒಂದು ದಿನವೂ ನಿಂತವನಲ್ಲ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಒಳಗೆ ಹೋಗದೆ ಅವನು ಪ್ಲಾಸ್ಟಿಕ್ಕನ್ನು ಕೆಳಗೆ ಬಿಟ್ಟ.

ಆಗ ಸೊಸೆ, "ಅತ್ತೆ, ಹೊಟ್ಟೆ ಒಂಥರಾ ಆಗ್ತಿದೆ" ಎಂದು ಅಲ್ಲೇ ಕೂತು ವಾಂತಿ ಮಾಡಿಕೊಂಡಳು.

ದಿನವೂ ಬೆಳಿಗ್ಗೆ ಕೇಳುತ್ತಿದ್ದ ಸದ್ದೇ ಅದು. ಅದು ಬಸಿರಿನದೋ ಔಷಧಿ ಏರಿದ್ದೋ? ಅವಳು ಸೊಸೆಯ ಹಣೆ ಹಿಡಿದು ಬಗ್ಗಿ ನೋಡಿದಳು, ತಿಳಿಯಲಿಲ್ಲ, ಯಾರಿಗೂ ತಿಳಿಯುವಂತಿರಲಿಲ್ಲ. ಕುಡಿಯುವ ನೀರಿನ ಕ್ಯಾನನ್ನು ತರಿಸಿ ಸೊಸೆಯ ಮುಖ, ಕತ್ತು, ತೋಳು ತೊಳೆದಳು, ಕಣ್ಣಿಗೆ ನೀರು ಹುಯ್ದಳು. ಗೊರಕೆ ತನ್ನ ಒಣ ಬಟ್ಟೆ ಕೊಟ್ಟಳು. ಮಗನಿಗೆ ಅಂಗಿ ಬಿಚ್ಚಿ ಬಿಸಾಕಿ ಬಾ ಎಂದಳು. ಆಮೇಲೆ ಮೇಸ್ತ್ರಿಗೆ, "ಲಾರಿ ಕಾಯ್ತಿದೆ ಅಂದ್ಯಲ್ಲ, ಅದರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಈ ಸಲ ಡಾಕ್ಟ್ರು ಏನು ತಿಂದ್ರಿ ಅಂತ ಕೇಳಿದ್ರೆ ನಾನು ಹೇಳ್ತೀನಿ" ಎಂದಳು. ಅವನು ಬೇಡವೆನ್ನಲು ಹೊರಟವನು ಬೋರಲು ಬಿದ್ದ ಕ್ರೇಟುಗಳನ್ನು ನೋಡಿ ಡ್ರೈವರಿಗೆ ಕೈಬೀಸಿದ.

ಲಾರಿ ಖಾಲಿಯಿತ್ತು. ಮಗ ಬರಿಮೈಯಲ್ಲಿ ಒಂದು ಮೂಲೆಯಲ್ಲಿ ಕಂಬಿ ಹಿಡಿದು ನಿಂತಿದ್ದ, ಹತ್ತಿರ ಬರಲು ಇನ್ನೂ ಹೆದರುತ್ತ. ಅವಳು ಕಾಲು ಚಾಚಿ ಕೂತು ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಟ್ಟೆಯ ಅಂಚಿನ ಗಂಟು ಕೈಗೆ ಸಿಕ್ಕಿತು. ಡಾಕ್ಟರಿಗೆ ಚಿಟ್ಟೆಯನ್ನೂ ತೋರಿಸಬೇಕು. ರಸ್ತೆಯ ಹಳ್ಳಗಳಲ್ಲಿ ಲಾರಿ ಎತ್ತಿ ಹಾಕಿದಾಗೆಲ್ಲ ಸೊಸೆಯ ಹೊಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಆಮೇಲೆ ಬಗ್ಗಿ ಅವಳ ಒದ್ದೆ ಕೂದಲಿಗೆ ಮೂಗು ಒತ್ತಿ ಉಸಿರೆಳೆದಳು. ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದಳು.

"ಇನ್ನೂ ವಾಸನೆ ಬರ್ತಿದೆಯೇನೇ?" ಎಂದು ಕೇಳಿದಳು.

ಸೊಸೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಅತ್ತೆ ನಂಬುವಷ್ಟು ಹೊತ್ತು ತಡೆದಳು.

"ಏನೂ ಇಲ್ಲ ಅತ್ತೆ" ಎಂದಳು.